ಬಿಸಿಲು, ನೆರಳು ಮತ್ತು ಒಂದು ಗ್ರೂಪ್ ಫೋಟೋ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ 2004ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಬಿಇ ಮಾಡಿಕೊಂಡು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, "ನಿನ್ನ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಪ್ಪ, ಮಕ್ಕಳಿಗೆ ಸ್ಫೂರ್ತಿ ಬರಲಿ" ಅಂದರು. ಸ್ಫೂರ್ತಿ ತುಂಬುವ ಶಕ್ತಿ ನನಗಿಲ್ಲ. ಕೆಲಸದ ಬಗ್ಗೆ ಮಾತ್ರ ಹೇಳಬಲ್ಲೆ. ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯ ಹತ್ತಿರ "ಅಲ್ಲಿ ಏನು ಕೆಲಸ ಮಾಡ್ತೀಯಪ್ಪ?" ಅಂತ ಯಾರಾದರೂ ಕೇಳುತ್ತಾರೆ. "ಕಂಪ್ಯೂಟರ್" ಅಂದರೆ ಅವರೂ ಸುಮ್ಮನಾಗುತ್ತಾರೆ, ನಾನೂ ಸುಮ್ಮನಾಗುತ್ತೇನೆ. ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ತಂಡದ ಕೆಲಸ ಇಷ್ಟೇ: ಒಂದು ಫೋಟೋ ಫೋನಿನಲ್ಲಿ, ಟಿವಿಯಲ್ಲಿ, ಲ್ಯಾಪ್‌ಟಾಪಿನಲ್ಲಿ, ಪ್ರೊಜೆಕ್ಟರಿನಲ್ಲಿ, ಎಲ್ಲಿ ನೋಡಿದರೂ ಆದಷ್ಟು ಅದೇ ಫೋಟೋ ಆಗಿ ಕಾಣಬೇಕು. ಕೇಳುವುದಕ್ಕೆ ಇದೂ ಒಂದು ಕೆಲಸವೇ ಅನ್ನಿಸಬಹುದು. ನಿನ್ನೆ ಮಧ್ಯಾಹ್ನ ಇದೇ ಶಾಮಿಯಾನದಲ್ಲಿ ಹಳೆಯ ಫೋಟೋಗಳನ್ನು ಪರದೆಯ ಮೇಲೆ ತೋರಿಸಿದರಲ್ಲ, ನೋಡಿದಿರಾ? ಏನು ಕಾಣಿಸಿತು? ಬಿಳಿ ಅಂಗಿಗಳು ತೇಲಾಡಿದವು. ಮುಖಗಳು ತೊಳೆದು ಒಣಗಿಸಿದ ಬಟ್ಟೆಯ ಹಾಗಿದ್ದವು. ಎಲ್ಲರೂ ಪ್ರೊಜೆಕ್ಟರ್ ತಂದವನನ್ನು ಬೈದರು. ಪಾಪ, ಅವನ ಯಂತ್ರ ಸರಿಯಾಗಿಯೇ ಇತ್ತು. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದೇ ಹೊರತು ಕತ್ತಲನ್ನು ಚೆಲ್ಲಲಾರದು. ಅದರ ಕಪ್ಪು ಅಂದರೆ, ಏನೂ ಬೆಳಕು ಬೀಳದಿದ್ದಾಗ ಆ ಪರದೆ ಹೇಗೆ ಕಾಣುತ್ತದೋ ಅಷ್ಟೇ. ಹಗಲು ಹೊತ್ತಿನಲ್ಲಿ ಪರದೆಯೇ ಬೆಳ್ಳಗೆ ಕಾಣುವಾಗ ತಲೆಕೂದಲಿನ ಕಪ್ಪು ಎಲ್ಲಿಂದ ಬರಬೇಕು? ಇವತ್ತು ಸಂಜೆ ಏಳೂವರೆ ಮೇಲೆ ಅದೇ ಫೋಟೋಗಳನ್ನು ಅದೇ ಯಂತ್ರದಲ್ಲಿ ಹಾಕುತ್ತಾರೆ, ಬಂದು ನೋಡಿ. ಇನ್ನು ಈ ಕೆಂಪು ಶಾಮಿಯಾನ ನಮ್ಮೆಲ್ಲರ ಮುಖಕ್ಕೂ ಕುಂಕುಮ ಬಳಿದಿರುವ ವಿಷಯ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೆಳಕಿನ ಲೆಕ್ಕ. ಹಾಲಿಗೆ ಲೀಟರ್ ಇದ್ದ ಹಾಗೆ ಪರದೆಯ ಬೆಳಕಿಗೂ ಒಂದು ಅಳತೆ ಇದೆ. ಒಂದು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಅಂತ. ಕ್ಯಾಂಡೆಲಾ ಅನ್ನುವ ಹೆಸರು ಬಂದದ್ದೇ ಮೇಣದಬತ್ತಿಯಿಂದ. ನಾವು ಸಲೀಸಾಗಿ 'ನಿಟ್' ಅನ್ನುತ್ತೇವೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ಇಟ್ಟ ಬಿಳಿ ಹಾಳೆ ಸುಮಾರು 25,000 ನಿಟ್ ಬೆಳಗುತ್ತದೆ. ಅದೇ ಹಾಳೆಯನ್ನು ಹತ್ತನೇ ತರಗತಿಯ ಕೋಣೆಯೊಳಕ್ಕೆ ತಂದು ಮೇಜಿನ ಮೇಲಿಟ್ಟರೆ 60 ನಿಟ್ ಆಸುಪಾಸು. ಹುಣ್ಣಿಮೆಯ ರಾತ್ರಿ ಅಂಗಳಕ್ಕೆ ತಂದರೆ ಒಂದು ನಿಟ್‌ನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಮಧ್ಯಾಹ್ನಕ್ಕೂ ಹುಣ್ಣಿಮೆಗೂ ನಡುವೆ ಸುಮಾರು ನಾಲ್ಕು ಲಕ್ಷ ಪಟ್ಟು ವ್ಯತ್ಯಾಸ. ಆದರೂ ನಮ್ಮ ಕಣ್ಣಿಗೆ ಮೂರು ಕಡೆಯೂ ಅದು ಬಿಳಿ ಹಾಳೆಯೇ.

ಇದಕ್ಕಿಂತ ಸೋಜಿಗದ ಒಂದು ಲೆಕ್ಕ ಇದೆ, ಮಕ್ಕಳು ಮನೆಯಲ್ಲಿ ಮಾಡಿ ನೋಡಬಹುದು. ಒಂದು ತುಂಡು ಇದ್ದಿಲನ್ನು ಬಿಸಿಲಿನಲ್ಲಿಡಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಇದ್ದಿಲು ನೂರಕ್ಕೆ ನಾಲ್ಕು ಪಾಲನ್ನಷ್ಟೇ ಹಿಂದಕ್ಕೆ ಕೊಡುತ್ತದೆ ಅಂದುಕೊಳ್ಳಿ. ಹಾಗಾದರೂ ಅದು ಸಾವಿರಕ್ಕೂ ಹೆಚ್ಚು ನಿಟ್ ಆಯಿತು. ಅಂದರೆ ಬಿಸಿಲಿನಲ್ಲಿರುವ ಇದ್ದಿಲು ತರಗತಿಯೊಳಗಿನ ಬಿಳಿ ಹಾಳೆಗಿಂತ ಇಪ್ಪತ್ತು ಪಟ್ಟು ಬೆಳ್ಳಗಿದೆ! ಕಣ್ಣು ಇದನ್ನು ಒಪ್ಪುವುದೇ ಇಲ್ಲ. ಕಣ್ಣಿಗೆ ಬೇಕಾದ್ದು ಒಟ್ಟು ಬೆಳಕು ಎಷ್ಟು ಅನ್ನುವುದಲ್ಲ, ಅಕ್ಕಪಕ್ಕದ್ದಕ್ಕೆ ಹೋಲಿಸಿದರೆ ಎಷ್ಟು ಪಟ್ಟು ಅನ್ನುವುದು. ಒಂದು ದೀಪ ಇರುವ ಕೋಣೆಯಲ್ಲಿ ಇನ್ನೊಂದು ದೀಪ ಹಚ್ಚಿದರೆ ಎಲ್ಲರಿಗೂ ಗೊತ್ತಾಗುತ್ತದೆ. ನೂರು ದೀಪ ಉರಿಯುವ ಕಡೆ ಇನ್ನೊಂದು ಹಚ್ಚಿದರೆ ಹಚ್ಚಿದವನಿಗೂ ಗೊತ್ತಾಗದು. ಈ ಸಂಗತಿಯನ್ನು ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಲಾಗರಿದಮ್ ಅನ್ನುವ ಪದವನ್ನೇ ಹೇಳದೆ ಹೇಳಿಕೊಟ್ಟಿದ್ದರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸಾರ್, ನಿಮ್ಮ ಆ ಪಾಠದಿಂದಲೇ ನನಗೆ ಸಂಬಳ ಬರುತ್ತಿದೆ.

ಈಗ ಪರದೆಗಳ ಕಡೆ ಬನ್ನಿ. ನಮ್ಮ ಕಾಲದ ಡಬ್ಬಿ ಟಿವಿಗೆ ಕಾರ್ಯಕ್ರಮ ತಯಾರಿಸುವವರು ಬಿಳಿ ಅಂದರೆ 100 ನಿಟ್ ಅಂತ ಇಟ್ಟುಕೊಂಡಿದ್ದರು. ಸಿನಿಮಾ ಥಿಯೇಟರಿನಲ್ಲಿ ಬಿಳಿ ಅಂದರೆ 48 ನಿಟ್. ನಂಬುವುದಕ್ಕಾಗುವುದಿಲ್ಲ, ಅಲ್ಲವೇ? ಅಷ್ಟು ದೊಡ್ಡ ಪರದೆ ತರಗತಿಯ ಹಾಳೆಗಿಂತ ಮಂಕು. ಸುತ್ತ ಕತ್ತಲಿರುವುದರಿಂದ ಅದು ಝಗಮಗಿಸುತ್ತದೆ. ಈಚಿನ ದುಬಾರಿ ಫೋನುಗಳು ಸಾವಿರ ನಿಟ್ ದಾಟುತ್ತವೆ, ಕೆಲವು ಎರಡು ಸಾವಿರವನ್ನೂ ದಾಟುತ್ತವೆ. ಕಾಗದ ತಾನಾಗಿ ಬೆಳಗುವುದಿಲ್ಲ; ಬಿದ್ದ ಬೆಳಕನ್ನು ಹಿಂದಿರುಗಿಸುವುದಷ್ಟೇ ಅದರ ಕೆಲಸ. ಒಳ್ಳೆಯ ಆರ್ಟ್ ಪೇಪರಿನ ಮೇಲೆ ಆಫ್‌ಸೆಟ್ ಮುದ್ರಣ ಮಾಡಿದರೂ ಅತಿ ಬಿಳಿಗೂ ಅತಿ ಕಪ್ಪಿಗೂ ನೂರು ಪಟ್ಟಿನ ಒಳಗೇ ಅಂತರ. ಮ್ಯಾಪ್ಲಿಥೋ ಹಾಳೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ದಿನಪತ್ರಿಕೆಯ ಕಾಗದದಲ್ಲಿ ಹತ್ತು ಪಟ್ಟಿನ ಆಸುಪಾಸು. ಸ್ಮರಣ ಸಂಚಿಕೆಗೆ ಫೋಟೋ ಪುಟಗಳನ್ನಾದರೂ ಆರ್ಟ್ ಪೇಪರಿನಲ್ಲಿ ಹಾಕಿಸಿ ಅಂತ ಸಮಿತಿಯಲ್ಲಿ ನಾನು ಹಟ ಹಿಡಿದದ್ದು ಇದಕ್ಕೇ. ಖಜಾಂಚಿಗಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ನಮ್ಮ ತೆಂಗಿನ ತೋಟದೊಳಗೆ ನಿಂತು ಒಂದು ಫೋಟೋ ತೆಗೆಯಿರಿ. ಗರಿಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆ, ಪಕ್ಕದಲ್ಲೇ ದಟ್ಟ ನೆರಳು, ಮೇಲೆ ಆಕಾಶ. ಇವುಗಳ ನಡುವೆ ಸಾವಿರಾರು ಪಟ್ಟು ಅಂತರ ಇರಬಹುದು. ಇದನ್ನು ನೂರು ಪಟ್ಟು ಕೂಡ ಹಿಡಿಸದ ಕಾಗದಕ್ಕೆ ಹೇಗೆ ತುಂಬುವುದು? ಒಂದು ಸೇರಿನ ಪಾತ್ರೆಗೆ ಐದು ಸೇರು ರಾಗಿ ಸುರಿದರೆ ನಾಲ್ಕು ಸೇರು ನೆಲದ ಪಾಲು. ಫೋಟೋದಲ್ಲಿ ಹಾಗೆ ಚೆಲ್ಲಿಹೋದದ್ದೇ ಬಿಳುಚಿದ ಆಕಾಶ, ಮಸಿ ಬಳಿದಂಥ ಮುಖ.

ಈ ತೊಂದರೆ ಫೋಟೋಗ್ರಫಿಯಷ್ಟೇ ಹಳೆಯದು. ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೇ ಎಂಬಾತ 1850ರ ದಶಕದಲ್ಲಿ ಸಮುದ್ರದ ಫೋಟೋಗಳನ್ನು ತೆಗೆದ. ಆಗಿನ ಗಾಜಿನ ಪ್ಲೇಟುಗಳಲ್ಲಿ ಸಮುದ್ರ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಮೋಡಗಳು ಅಳಿಸಿಹೋಗುತ್ತಿದ್ದವು. ಆತ ಕೆಲವು ಚಿತ್ರಗಳಿಗೆ ಆಕಾಶಕ್ಕೊಂದು ನೆಗೆಟಿವ್, ನೀರಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಹಾಳೆಗೆ ಕೂಡಿಸಿ ಅಚ್ಚು ಹಾಕಿದ. ಅಮೆರಿಕದ ಆನ್ಸೆಲ್ ಆಡಮ್ಸ್ ಬೆಟ್ಟಗುಡ್ಡಗಳ ಬೆಳಕನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಯಾವ ಮೆಟ್ಟಿಲು ಕಾಗದದ ಮೇಲೆ ಎಷ್ಟು ಬೂದಿ ಬಣ್ಣವಾಗಿ ಬರಬೇಕು ಅಂತ ಫೋಟೋ ತೆಗೆಯುವ ಮೊದಲೇ ತೀರ್ಮಾನಿಸುತ್ತಿದ್ದ. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ ಹಿಂದಿಯ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ, ಅದು ಬಂದದ್ದು 1959ರಲ್ಲಿ, ದೊಡ್ಡ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ, ಕತ್ತಲೆಯಲ್ಲಿ ಒಂದು ಬೆಳಕಿನ ಕೋಲು ನಿಲ್ಲಿಸಿದರು. ಎಷ್ಟು ಕಪ್ಪು ಉಳಿಸಿಕೊಂಡರೆ ಆ ಬಿಳಿ ಬೆಳಗುತ್ತದೆ ಅನ್ನುವ ಲೆಕ್ಕ ಅವರ ಕಣ್ಣಿನಲ್ಲೇ ಇತ್ತು. ಸಾಧ್ಯವಾದರೆ ಆ ದೃಶ್ಯವನ್ನು ಕತ್ತಲಲ್ಲಿ ಕೂತು ನೋಡಿ. ಬಸ್ಸಿನಲ್ಲಿ ಫೋನ್ ಹಿಡಿದು ನೋಡಬೇಡಿ.

ಕಂಪ್ಯೂಟರಿನ ಮಟ್ಟಿಗೆ ದೊಡ್ಡ ಹೆಜ್ಜೆ ಇಟ್ಟವರು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್. ಮಲಿಕ್ ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಬರ್ಕ್ಲಿಗೆ ಹೋದವರು. ಒಂದೇ ನೋಟವನ್ನು ಕಡಿಮೆ ಬೆಳಕು, ನಡು ಬೆಳಕು, ಹೆಚ್ಚು ಬೆಳಕು ಅಂತ ಹಲವು ಸಲ ತೆಗೆದು, ಅಷ್ಟನ್ನೂ ಸೇರಿಸಿ, ಆ ಜಾಗದಲ್ಲಿ ನಿಜವಾಗಿ ಯಾವ ಬಿಂದುವಿನಿಂದ ಎಷ್ಟು ಪಟ್ಟು ಬೆಳಕು ಬರುತ್ತಿತ್ತು ಅಂತ ಲೆಕ್ಕ ಹಾಕುವ ವಿಧಾನವನ್ನು 1997ರಲ್ಲಿ ಪ್ರಕಟಿಸಿದರು. ಇವತ್ತು ನಿಮ್ಮ ಫೋನು ಒಂದು ಸಲ ಗುಂಡಿ ಒತ್ತಿದಾಗ ಒಳಗೊಳಗೇ ಹಲವು ಫೋಟೋ ತೆಗೆದು ಜೋಡಿಸುತ್ತದಲ್ಲ, ಅದೂ ಇದೇ ಜಾಡಿನದು. 'ಎಚ್‌ಡಿಆರ್' ಅಂತ ಫೋನಿನ ಮೇಲೆ ಬರೆದಿರುವುದು ಇದನ್ನೇ. ದೊಡ್ಡ ಅಂತರದ ಬೆಳಕನ್ನು ಹಿಡಿದಿಟ್ಟ ಚಿತ್ರ ಅಂತ ಅದರ ಅರ್ಥ.

ಹಿಡಿದಿಟ್ಟದ್ದಾಯಿತು. ತೋರಿಸುವುದು ಹೇಗೆ? ಇಲ್ಲಿಂದ ನಮ್ಮ ತಂಡದ ತಲೆನೋವು ಶುರುವಾಗುತ್ತದೆ.

ಟಿವಿ ಲೋಕದವರು ಇದಕ್ಕೆ ಎರಡು ದಾರಿ ಮಾಡಿಕೊಂಡರು. 2016ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎರಡನ್ನೂ ಒಂದೇ ಮಾನದಂಡದಲ್ಲಿ ಸೇರಿಸಿತು. ಮೊದಲನೆಯದು ಪಿಕ್ಯೂ. ಡಾಲ್ಬಿಯವರು ರೂಪಿಸಿದ್ದು. ಇದರಲ್ಲಿ ಪ್ರತಿಯೊಂದು ಅಂಕಿಗೂ ಇಷ್ಟೇ ನಿಟ್ ಅಂತ ಖಚಿತ, 10,000 ನಿಟ್‌ವರೆಗೆ ಅಳತೆ ಇದೆ. ಎರಡನೆಯದು ಬ್ರಿಟನ್ನಿನ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಮಾಡಿದ ಎಚ್‌ಎಲ್‌ಜಿ. ಇದು ನಿಟ್ ಲೆಕ್ಕ ಹೇಳುವುದಿಲ್ಲ, "ನಿನ್ನ ಶಕ್ತಿಯಲ್ಲಿ ಇಷ್ಟು ಪಾಲು ಬೆಳಗು" ಅನ್ನುತ್ತದೆ. ಅಡುಗೆ ಪುಸ್ತಕದಲ್ಲಿ ಒಬ್ಬರು "ಉಪ್ಪು ಆರು ಗ್ರಾಂ" ಅಂತ ಬರೆದರೆ ಇನ್ನೊಬ್ಬರು "ರುಚಿಗೆ ತಕ್ಕಷ್ಟು ಉಪ್ಪು" ಅಂತ ಬರೆಯುತ್ತಾರೆ, ಹಾಗೆ. ಗ್ರಾಂ ಲೆಕ್ಕದವರು ಸರಿ ಅಂತ ಎಂಜಿನಿಯರುಗಳಿಗೆ ಅನ್ನಿಸುವುದು ಸಹಜ. ಆದರೆ ಕತ್ತಲ ಕೋಣೆಯಲ್ಲಿ ಕೂತು ನಿಖರವಾಗಿ ಮಾಡಿದ ಸಿನಿಮಾವನ್ನು ನೀವು ಹಗಲು ಹೊತ್ತು ಕಿಟಕಿ ತೆರೆದ ನಡುಮನೆಯಲ್ಲಿ ನೋಡಿದರೆ, ರಾತ್ರಿಯ ದೃಶ್ಯಗಳಲ್ಲಿ ಟಿವಿ ಗಾಜಿನ ಮೇಲೆ ನಿಮ್ಮ ಮುಖವೇ ಕಾಣುತ್ತದೆ. ಅಲ್ಲಿ ನಮ್ಮ ಅಜ್ಜಿಯರ 'ರುಚಿಗೆ ತಕ್ಕಷ್ಟು' ಗೆಲ್ಲುತ್ತದೆ.

ಫೋಟೋಗಳಿಗೆ ಬಂದ ದಾರಿ ಬೇರೆ, ನನಗೆ ಅದು ಬಹಳ ಇಷ್ಟ. ಅದಕ್ಕೆ ಗೇನ್ ಮ್ಯಾಪ್ ಅನ್ನುತ್ತಾರೆ. ಒಂದೇ ಫೈಲಿನಲ್ಲಿ ಎರಡು ಚಿತ್ರ. ಮೇಲಿನದು ಮಾಮೂಲಿ ಫೋಟೋ, ಯಾವ ಹಳೆಯ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ಅದರ ಕೆಳಗೆ ಅಡಗಿರುವ ಚಿಕ್ಕ ಚಿತ್ರ ಒಂದು ಚೀಟಿಯ ಹಾಗೆ: 'ಈ ಜಾಗದ ಬೆಳಕನ್ನು ಇಷ್ಟು ಪಟ್ಟು ಏರಿಸಬಹುದು, ಈ ಜಾಗವನ್ನು ಮುಟ್ಟಬೇಡ.' ಒಂದು ಹೆಜ್ಜೆ ಅಂದರೆ ದುಪ್ಪಟ್ಟು. ಎರಡು ಹೆಜ್ಜೆ ನಾಲ್ಕು ಪಟ್ಟು, ಮೂರು ಹೆಜ್ಜೆ ಎಂಟು ಪಟ್ಟು. ಈಗ ಚೀಟಿಯಲ್ಲಿ ದೀಪದ ಜ್ವಾಲೆಗೆ ಮೂರು ಹೆಜ್ಜೆ, ಹಿತ್ತಾಳೆ ಕಂಬದ ಹೊಳಪಿಗೆ ಒಂದೂವರೆ ಹೆಜ್ಜೆ, ಮುಖಕ್ಕೆ ಸೊನ್ನೆ ಅಂತ ಬರೆದಿದೆ ಅಂದುಕೊಳ್ಳಿ. ನಿಮ್ಮ ಪರದೆಗೆ ಮಾಮೂಲಿ ಬಿಳಿಯ ಮೇಲೆ ಎರಡು ಹೆಜ್ಜೆ ಏರುವ ಶಕ್ತಿ ಮಾತ್ರ ಇದೆ. ಆಗ ಎಲ್ಲ ಹೆಜ್ಜೆಗಳನ್ನೂ ಮೂರಕ್ಕೆ ಎರಡರ ಪ್ರಮಾಣದಲ್ಲಿ ಇಳಿಸುತ್ತೇವೆ. ಜ್ವಾಲೆಗೆ ಎರಡು ಹೆಜ್ಜೆ, ಹಿತ್ತಾಳೆಗೆ ಒಂದು, ಮುಖಕ್ಕೆ ಆಗಲೂ ಸೊನ್ನೆ. ಏಳನೇ ತರಗತಿಯ ಅನುಪಾತದ ಲೆಕ್ಕ, ಅಷ್ಟೇ. ಪರದೆ ದೊಡ್ಡದೋ ಬಡವನದೋ, ಅದರ ಯೋಗ್ಯತೆಗೆ ತಕ್ಕಂತೆ ಅದೇ ಚಿತ್ರ ಹೊಂದಿಕೊಳ್ಳುತ್ತದೆ. ಆಂಡ್ರಾಯ್ಡ್ 14ರಲ್ಲಿ, 2023ರಲ್ಲಿ, ಇದು ಅಲ್ಟ್ರಾ ಎಚ್‌ಡಿಆರ್ ಎಂಬ ಹೆಸರಿನಲ್ಲಿ ಬಂತು. ಐಫೋನುಗಳಲ್ಲಿ ಇಂಥದ್ದೇ ಇನ್ನೊಂದು ರೂಪ ಮೊದಲಿನಿಂದ ಇತ್ತು. 2025ರಲ್ಲಿ ಎಲ್ಲರೂ ಒಪ್ಪುವಂಥ ಐಎಸ್‌ಒ ಮಾನದಂಡವೂ ಆಗಿದೆ.

ಪರದೆಯ ಶಕ್ತಿ ಅನ್ನುವುದೂ ಒಂದೇ ತೆರ ಇರುವುದಿಲ್ಲ, ಅದು ಇನ್ನೊಂದು ತಮಾಷೆ. ರಾತ್ರಿ ಮಲಗುವಾಗ ಫೋನಿನ ಬೆಳಕನ್ನು ಇಳಿಸಿರುತ್ತೀರಿ. ಮಾಮೂಲಿ ಬಿಳಿ ಕೆಳಗಿದೆ, ಮೇಲೆ ಬೇಕಾದಷ್ಟು ಜಾಗ ಉಳಿದಿದೆ. ಅಂಥ ಹೊತ್ತಿನಲ್ಲಿ ಫೋಟೋದ ಆಕಾಶ ಕಣ್ಣಿಗೆ ಹೊಡೆದ ಹಾಗೆ ಏರಬಲ್ಲದು. ಮಧ್ಯಾಹ್ನ ಹೊಲದಲ್ಲಿ ಅದೇ ಫೋನನ್ನು ತೆರೆದರೆ ಮಾಮೂಲಿ ಬಿಳಿಯೇ ನೆತ್ತಿ ಮುಟ್ಟಿರುತ್ತದೆ, ಏರುವುದಕ್ಕೆ ಜಾಗವಿಲ್ಲ. ಫೋನ್ ಒಂದೇ, ಫೋಟೋ ಒಂದೇ, ಕಾಣುವುದು ಎರಡು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಈಗಿನ ಬಹಳಷ್ಟು ಎಚ್‌ಡಿಆರ್ ಫೋಟೋಗಳಿಗೆ ಮದುವೆ ಮನೆಯ ಸೀರಿಯಲ್ ಸೆಟ್ ಹಾಕಿದ ಹಾಗಿರುತ್ತದೆ. ಬೆಳಗುವ ಶಕ್ತಿ ಇದೆ ಅಂತ ಬೆಳಗುವುದು ಜಾಣತನವಲ್ಲ. ಆಫೀಸಿನಲ್ಲಿ ಇದನ್ನು ಹೇಳಿ ಹೇಳಿ ನನಗೆ 'ಮಂಕುತಿಮ್ಮ' ಅಂತಲೇ ಅಡ್ಡಹೆಸರು ಬಿದ್ದಿದೆ.

ಬಣ್ಣದ ಮಾತು ಹೇಳುತ್ತೇನೆ ಅಂದಿದ್ದೆ. ಚೆಂಡುಹೂವಿನ ಫೋಟೋ ತೆಗೆದಾಗ ಕಿತ್ತಳೆ ಬಣ್ಣದ ಹೂವು ಹಳದಿಯಾಗಿ ಬಂದದ್ದನ್ನು ನೋಡಿದ್ದೀರಾ? ಫೋಟೋದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು. ಕಿತ್ತಳೆಯಲ್ಲಿ ಕೆಂಪು ಹೆಚ್ಚು, ಹಸಿರು ಅದಕ್ಕಿಂತ ಕಡಿಮೆ, ನೀಲಿ ಇಲ್ಲವೇ ಇಲ್ಲ ಅನ್ನುವಷ್ಟು. ಬೆಳಕು ಜಾಸ್ತಿಯಾದಾಗ ಕೆಂಪು ಪಾತ್ರೆ ಮೊದಲು ತುಂಬಿ ಚೆಲ್ಲುತ್ತದೆ. ಹಸಿರು ಇನ್ನೂ ಏರುತ್ತಲೇ ಇರುತ್ತದೆ. ಕೆಂಪು ಹಸಿರು ಹೆಚ್ಚು ಕಡಿಮೆ ಸಮ ಆದರೆ ಅದು ಹಳದಿ. ಹೂವಿನ ಅಂಗಡಿಯವರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು, ಸೀರೆಯನ್ನು ಫೋನಿನಲ್ಲಿ ನೋಡಿ ತರಿಸಿಕೊಳ್ಳುವವರಿಗೆ ಆಗುತ್ತದೆ.

ಮುಖದ ಬಣ್ಣ ಇನ್ನೂ ಸೂಕ್ಷ್ಮ. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟಿಂಗ್ ಲ್ಯಾಬುಗಳಿಗೆ ಒಬ್ಬ ಬಿಳಿಯ ಹೆಂಗಸಿನ ಫೋಟೋ ಕಳಿಸುತ್ತಿತ್ತು. ಶೆರ್ಲಿ ಕಾರ್ಡ್ ಅಂತ ಅದಕ್ಕೆ ಹೆಸರು. ಆಕೆಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಇದೆ ಅಂತ ಲೆಕ್ಕ. ಬೇರೆ ಬೇರೆ ಬಣ್ಣದ ಜನ ಇರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ನಮ್ಮಂಥವರ ಮುಖ ಯಂತ್ರದ ಲೆಕ್ಕದಲ್ಲೇ ಇರಲಿಲ್ಲ. ಈಗಿನ ಫೋನುಗಳು ತಿರುಗಿ ಇನ್ನೊಂದು ತುದಿಗೆ ಹೋಗಿವೆ. ಕೇಳದೆಯೇ ಎಲ್ಲರನ್ನೂ ಬೆಳ್ಳಗೆ ಮಾಡಿಬಿಡುತ್ತವೆ.

ಇದು ಬರೀ ತಾಂತ್ರಿಕ ವಿಷಯವಲ್ಲ ಅನ್ನುವುದಕ್ಕೆ ನಮ್ಮ ಬ್ಯಾಚಿನ ಒಂದು ಸಂಗತಿ ಹೇಳಬೇಕು. ಆ ಮನೆಯವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ನಮ್ಮ ಜೊತೆ ಓದಿದ ಒಬ್ಬ ಗೆಳೆಯ, ನಮ್ಮ ತಂಡದ ಖೋ ಖೋ ಆಟಗಾರ, ಪರೀಕ್ಷೆ ಬರೆದ ಬೇಸಿಗೆಯಲ್ಲೇ ಜ್ವರ ಬಂದು ತೀರಿಕೊಂಡ. ರಿಸಲ್ಟ್ ನೋಡುವುದಕ್ಕೆ ಅವನು ಇರಲಿಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ. ಅವನ ಮನೆಯಲ್ಲಿ ಅವನದು ಅಂತ ಉಳಿದದ್ದು ಹತ್ತನೇ ತರಗತಿಯ ಗ್ರೂಪ್ ಫೋಟೋ ಒಂದೇ. ಆ ಫೋಟೋದಲ್ಲಿ ನಾವೆಲ್ಲ ಅಂಗಳದ ಬಿಸಿಲಿನಲ್ಲಿ ನಿಂತಿದ್ದೇವೆ. ಹಿಂದಿನ ಸಾಲಿನ ಎಡ ತುದಿಯ ಇಬ್ಬರು ಮಾತ್ರ ಹೊಂಗೆ ಮರದ ನೆರಳಿಗೆ ಸಿಕ್ಕಿಬಿದ್ದಿದ್ದಾರೆ. ಅವರಲ್ಲಿ ಒಬ್ಬ ಅವನು. ಅಂಗಿ ಕಾಣುತ್ತದೆ, ಅಂಗಿಯ ಮೇಲೆ ಒಂದು ಕಪ್ಪು ಉಂಡೆ. ಅಷ್ಟೇ. ಇಪ್ಪತ್ತು ವರ್ಷ ಅವನ ಅವ್ವ ಆ ಕಪ್ಪು ಉಂಡೆಯನ್ನು ಗೋಡೆಗೆ ಹಾಕಿಕೊಂಡಿದ್ದರು.

ಸುವರ್ಣ ಮಹೋತ್ಸವಕ್ಕೆ ಅಂತ ಫೋಟೋ ಕೂಡಿಸುವಾಗ ನಮ್ಮ ಹುಡುಗರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಆ ಪ್ರಿಂಟನ್ನು ಫೋನಿನಲ್ಲಿ ತೆಗೆದು ಯಾವುದೋ ಆ್ಯಪಿಗೆ ಹಾಕಿದರು. ಕಣ್ಣು, ಮೂಗು, ಬಾಯಿ ಎಲ್ಲ ಬಂತು. ಅವ್ವನಿಗೆ ತೋರಿಸಿದರು. ಅವರು ಬಹಳ ಹೊತ್ತು ನೋಡಿ, "ಇವ್ನು ನಮ್ಮ ಹುಡ್ಗ ಅಲ್ಲ ಕಣಪ್ಪ. ನಮ್ಮೋನು ಇಷ್ಟು ಬೆಳ್ಳಗೆ ಎಲ್ಲಿದ್ದ?" ಅಂದರಂತೆ. ಅವರು ಹೇಳಿದ್ದು ಸರಿ. ಪ್ರಿಂಟಿನಲ್ಲಿ ಇಲ್ಲದ ಮುಖವನ್ನು ಆ್ಯಪು ಎಲ್ಲಿಂದ ತರುತ್ತದೆ? ಯಾರದೋ ಮುಖಗಳನ್ನು ಕಲಿತು ಅಂದಾಜಿನ ಮೇಲೆ ಒಂದು ಮುಖ ಬರೆದುಕೊಟ್ಟಿತ್ತು.

ಆದರೆ ನೆಗೆಟಿವಿನಲ್ಲಿ ಇರುತ್ತದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಲರ್ ನೆಗೆಟಿವ್ ಫಿಲ್ಮು ಸಾವಿರ ಪಟ್ಟಿಗೂ ಮಿಕ್ಕಿದ ಬೆಳಕಿನ ಅಂತರವನ್ನು ಹಿಡಿದಿಡಬಲ್ಲದು. ಅದರಿಂದ ಪ್ರಿಂಟು ಹಾಕುವ ಕಾಗದಕ್ಕೆ ಅಷ್ಟು ಜಾಗವಿಲ್ಲ. ಮೇಲಾಗಿ ಲ್ಯಾಬಿನ ಯಂತ್ರ ಚಿತ್ರದ ಸರಾಸರಿ ನೋಡಿ ಬೆಳಕು ನಿರ್ಧರಿಸುತ್ತಿತ್ತು. ಅರವತ್ತು ಮಕ್ಕಳು, ಅರವತ್ತು ಬಿಳಿ ಅಂಗಿ. ಇಷ್ಟೊಂದು ಬಿಳಿ ಕಂಡ ಯಂತ್ರ ಎಲ್ಲವನ್ನೂ ಒಂದು ಮಟ್ಟ ಕಪ್ಪಾಗಿಸಿ ಪ್ರಿಂಟು ಹಾಕಿತು. ಶಾಲೆಗಳ ಗ್ರೂಪ್ ಫೋಟೋಗಳಲ್ಲಿ ನಾವೆಲ್ಲ ಇರುವುದಕ್ಕಿಂತ ಕಪ್ಪಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ತಾಲ್ಲೂಕಿನ ಸ್ಟುಡಿಯೋದವರು ಹಳೆಯ ನೆಗೆಟಿವುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಇಸವಿ ಬರೆದು ಇಟ್ಟಿದ್ದರು. ಎರಡು ಭಾನುವಾರ ಹುಡುಕಿದ ಮೇಲೆ ನಮ್ಮದು ಸಿಕ್ಕಿತು. ಅದನ್ನು ಸಮನಾದ ಬೆಳಕಿನ ಹಲಗೆಯ ಮೇಲಿಟ್ಟು, ಕ್ಯಾಮೆರಾದಲ್ಲಿ ಮೂರು ಬೇರೆ ಬೇರೆ ಮಟ್ಟದ ಬೆಳಕಿಗೆ ತೆಗೆದು, ಆಗ ಹೇಳಿದೆನಲ್ಲ, ಆ 1997ರ ವಿಧಾನದಲ್ಲೇ ಸೇರಿಸಿದೆ. ಹೊಂಗೆ ಮರದ ನೆರಳಿನೊಳಗೆ ಅವನಿದ್ದ. ಸ್ವಲ್ಪ ತಲೆ ಓರೆ ಮಾಡಿಕೊಂಡು, ನಗು ಬರದ ಹಾಗೆ ತುಟಿ ಬಿಗಿದುಕೊಂಡು.

ಇನ್ನು ಎಷ್ಟು ಬೆಳಕು ಏರಿಸುವುದು ಅನ್ನುವ ಪ್ರಶ್ನೆ. ನೆರಳಿನಲ್ಲಿ ನಿಂತವನನ್ನು ಬಿಸಿಲಿನಲ್ಲಿ ನಿಂತ ಹಾಗೆ ಮಾಡಿದರೆ ಸುಳ್ಳು. ಹಾಗೆಯೇ ಬಿಟ್ಟರೆ ಮತ್ತೆ ಕಪ್ಪು ಉಂಡೆ. ಆಗ ನಮ್ಮ ಯೂನಿಫಾರಂ ಕೈ ಹಿಡಿಯಿತು. ಬಿಸಿಲಿನ ಅಂಗಿ, ನೆರಳಿನ ಅಂಗಿ ಎರಡೂ ಒಂದೇ ಬಿಳಿ ಬಟ್ಟೆ. ಎರಡರ ನಡುವೆ ಇರುವ ಅಂತರವೇ ಬಿಸಿಲಿಗೂ ನೆರಳಿಗೂ ಇರುವ ಅಂತರ. ಅಳೆದರೆ ಸುಮಾರು ಎಂಟು ಪಟ್ಟು, ಅಂದರೆ ಮೂರು ಹೆಜ್ಜೆ ಬಂತು. ಮರದ ಕೆಳಗಿನ ಬೆಳಕಿಗೆ ಎಲೆಯ ಹಸಿರು ಸೇರಿದ್ದೂ ಅಂಗಿಯ ಮೇಲೆ ಗೊತ್ತಾಯಿತು, ಅದನ್ನೂ ಕಳೆದೆ. ಈ ಶಾಮಿಯಾನದ ಕೆಂಪನ್ನು ನಾಳೆ ಫೋಟೋಗಳಿಂದ ಕಳೆಯುವುದೂ ಹೀಗೆಯೇ. ಅದಕ್ಕೇ ಇವತ್ತು ಬಿಳಿ ಪಂಚೆ ಉಟ್ಟು ಬಂದ ಹಿರಿಯರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ ಅಂತ ಫೋಟೋದವರಿಗೆ ಹೇಳಿದ್ದೇನೆ.

ಮೂರು ಹೆಜ್ಜೆಯಲ್ಲಿ ಎರಡನ್ನಷ್ಟೇ ಏರಿಸಿ ನಿಲ್ಲಿಸಿದೆ. ಒಂದು ಹೆಜ್ಜೆ ನೆರಳು ಉಳಿಯಲಿ, ಅವನು ನಿಂತದ್ದು ನೆರಳಿನಲ್ಲೇ ತಾನೆ. ಅದು ಸರಿಯೋ ತಪ್ಪೋ ಪರೀಕ್ಷೆ ಮಾಡುವುದಕ್ಕೂ ಒಂದು ದಾರಿ ಇತ್ತು. ಅದೇ ನೆರಳಿನಲ್ಲಿ ಅವನ ಪಕ್ಕ ನಿಂತ ಇನ್ನೊಬ್ಬ ಗೆಳೆಯ ಈಗಲೂ ಊರಿನಲ್ಲೇ ಇದ್ದಾನೆ, ಡೇರಿಯಲ್ಲಿ ಕೆಲಸ. ಅವನನ್ನು ಕರೆಸಿ ಕೂರಿಸಿಕೊಂಡು, ಫೋಟೋದಲ್ಲಿ ಅವನ ಬಣ್ಣ ಅವನ ಹಾಗೇ ಇದೆಯೇ ಅಂತ ನೋಡಿದೆ. "ಆಗ ನಾನು ಇನ್ನೂ ಸ್ವಲ್ಪ ಸ್ಮಾರ್ಟಾಗಿದ್ದೆ" ಅಂದ. ಅದು ನನ್ನ ಕೈಲಾಗದ ಕೆಲಸ ಅಂದೆ. ಬಣ್ಣ ಮಾತ್ರ ಒಪ್ಪಿದ. ಅವನು ಸರಿಯಾಗಿ ಬಂದಿದ್ದರೆ ಪಕ್ಕದವನೂ ಸರಿಯಾಗಿಯೇ ಬಂದಿರಬೇಕು, ಇಬ್ಬರ ಮೇಲೂ ಬಿದ್ದದ್ದು ಒಂದೇ ಬೆಳಕು.

ಪ್ರಿಂಟನ್ನು ಮೂರು ಹದದಲ್ಲಿ ಹಾಕಿಸಿ ಅವ್ವನ ಮನೆಗೇ ಒಯ್ದೆ. ಅವರ ನಡುಮನೆಗೆ ಒಂದೇ ಕಿಟಕಿ, ಗೋಡೆಯ ಮೇಲೆ ಒಂದು ಬಲ್ಬು. ಫೋಟೋ ತೂಗಿಹಾಕುವ ಜಾಗದಲ್ಲೇ ಒಂದಾದ ಮೇಲೊಂದು ಹಿಡಿದು ತೋರಿಸಿದೆ. ಕಂಪ್ಯೂಟರಿನಲ್ಲಿ ನನಗೆ ಸರಿ ಕಂಡದ್ದು ಅಲ್ಲಿ ಮಬ್ಬಾಗಿತ್ತು. ಅವರು ಒಂದು ಮಟ್ಟ ಬೆಳಕು ಹೆಚ್ಚಿರುವುದನ್ನು ಆರಿಸಿದರು. ಕೈಯಲ್ಲಿ ಹಿಡಿದುಕೊಂಡು, "ಹೂಂ, ಇದು ಅವ್ನೇ. ನಗು ತಡ್ಕೊಂಡವ್ನೆ ನೋಡು" ಅಂದರು. ನನಗೆ ಆಮೇಲೆ ಮಾತು ಬರಲಿಲ್ಲ, ಕಾಫಿ ಕುಡಿದು ಬಂದೆ.

ಸ್ಮರಣ ಸಂಚಿಕೆಯ ಆರ್ಟ್ ಪೇಪರಿಗೆ ಆ ಫೋಟೋವನ್ನು ಇನ್ನೊಂದು ಹದದಲ್ಲಿ ಕೊಟ್ಟಿದ್ದೇನೆ, ಸಂಜೆಯ ಪ್ರೊಜೆಕ್ಟರಿಗೆ ಮತ್ತೊಂದು ಹದದಲ್ಲಿ. "ಇದರಲ್ಲಿ ಅಸಲಿ ಯಾವುದು?" ಅಂತ ಮುದ್ರಣಾಲಯದವರು ಕೇಳಿದರು. ನಾಲ್ಕೂ ಅಸಲಿಯೇ. ಎಲ್ಲದರಲ್ಲೂ ನಿಟ್ ಲೆಕ್ಕ ಬೇರೆ ಬೇರೆ. ಮುಖಕ್ಕೂ ಅಂಗಿಗೂ, ಇವನಿಗೂ ಪಕ್ಕದವನಿಗೂ ಇರುವ ಪ್ರಮಾಣವನ್ನು ಮಾತ್ರ ಎಲ್ಲದರಲ್ಲೂ ಆದಷ್ಟು ಒಂದೇ ಇಟ್ಟಿದ್ದೇನೆ.

ಸಮಯ ಆಯಿತು ಅಂತ ನಿರೂಪಕರು ಚೀಟಿ ಕಳಿಸಿದ್ದಾರೆ. ಒಂದು ಕೆಲಸದ ಮಾತು ಹೇಳಿ ಇಳಿಯುತ್ತೇನೆ. ಈ ಐವತ್ತು ವರ್ಷದ ಯಾವುದೇ ಬ್ಯಾಚಿನ ಫೋಟೋ ಯಾರ ಮನೆಯಲ್ಲಿದ್ದರೂ ತನ್ನಿ, ನೆಗೆಟಿವ್ ಇದ್ದರೆ ಮೊದಲು ಅದನ್ನು ತನ್ನಿ. ಅಂಚು ಹಿಡಿದುಕೊಳ್ಳಿ, ನಡುವೆ ಬೆರಳು ತಾಗಿಸಬೇಡಿ, ಬಟ್ಟೆಯಲ್ಲಿ ಒರೆಸಬೇಡಿ. ಫೋನಿನಲ್ಲಿರುವ ಫೋಟೋ ಕಳಿಸುವವರು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಮೂಲ ಫೈಲೇ ಬರುತ್ತದೆ. ನಾಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಬಸ್ಸು ಹೊರಡುವ ತನಕ ನಾನು ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ. ಹಿಂದೆ ಅದು ನಮ್ಮ ಒಂಬತ್ತನೇ ಬಿ ಸೆಕ್ಷನ್ ಆಗಿತ್ತು, ಹಳಬರಿಗೆ ದಾರಿ ಗೊತ್ತು. ನೆಗೆಟಿವನ್ನು ನಿಮ್ಮೆದುರಿಗೇ ಪ್ರತಿ ಮಾಡಿ ವಾಪಸ್ ಕೊಡುತ್ತೇನೆ.